ಮಿಚಿಗನ್ ಸರೋವರಕ್ಕೆ ಬಿಟ್ಟ ಚೆಂಡುಹೂ

ಚಳಿಗಾಲಕ್ಕೆ ಮುಂಚೆ ಷಿಕಾಗೋದ ದೋಣಿಗಳೆಲ್ಲ ನೀರಿನಿಂದ ಮೇಲೆ ಬರಬೇಕು. ಬುದ್ಧಿಯಿದ್ದವರು ಅಕ್ಟೋಬರಿನಲ್ಲೇ ಹಾರ್ಬರ್ ಬಿಟ್ಟು, ದಂಡೆಗುಂಟ ಹನ್ನೆರಡು ಮೈಲಿ ದಕ್ಷಿಣಕ್ಕೆ ಹೋಗಿ, ದೋಣಿಗಳನ್ನು ನೆಲದ ಮೇಲೆ ಎತ್ತಿಡುವ ಕ್ಯಾಲುಮೆಟ್ ನದಿಯ ಯಾರ್ಡಿನಲ್ಲಿ ದೋಣಿ ಬಿಟ್ಟು ಬರುತ್ತಾರೆ. ನಾವು ನವೆಂಬರಿನವರೆಗೆ ಕಾದೆವು. ಅದಕ್ಕೆ ನಾನೇ ಕಾರಣ. ನಮ್ಮ ಧಾರವಾಡದ ಕಡೆ ದೀಪಾವಳಿ ಪಾಡ್ಯದ ದಿನ ಮನೆಯ ಗಾಡಿಗಳಿಗೆಲ್ಲ ಪೂಜೆ. ಆ ಬೇಸಿಗೆಯಲ್ಲಷ್ಟೇ ಕೊಂಡಿದ್ದ ಹಳೆಯ ಮೋಟಾರು ದೋಣಿಗೆ ಒಂದು ಪೂಜೆಯೂ ಆಗದೆ ಪ್ಲಾಸ್ಟಿಕ್ ಹೊದಿಸಿ ಮಲಗಿಸುವುದು ನನ್ನ ಮನಸ್ಸಿಗೆ ಬರಲಿಲ್ಲ.

ನಮ್ಮ ಕಡೆಯ ಅಂಗಡಿಗಳೇ ತುಂಬಿರುವ ಡೆವನ್ ಅವೆನ್ಯೂದಿಂದ ಎರಡು ದೊಡ್ಡ ಚೀಲ ಚೆಂಡುಹೂ ತಂದೆ. ಖಾಲಿ ಹಾರ್ಬರಿನಲ್ಲಿ ನಮ್ಮದೊಂದೇ ದೋಣಿ ಮದುವಣಗಿತ್ತಿಯ ಹಾಗೆ ನಿಂತಿತು. ಹಬ್ಬಕ್ಕೆಂದು ಆನ್ ಆರ್ಬರಿನ ಕಾಲೇಜಿನಿಂದ ಬಂದಿದ್ದ ಮಗಳು ಫೋಟೋ ತೆಗೆದಳು. ಅಲ್ಲಿ ಸೇಲಿಂಗ್ ಕಲಿತ ಅವಳಿಗೆ ಅಪ್ಪನಿಗಿಂತ ಚೆನ್ನಾಗಿ ನೀರು ಗೊತ್ತು. ನನಗೆ ಈಜು ಕೂಡ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಹೊರಟೆವು. ಯಾರ್ಡಿನವರು ಕೊಟ್ಟ ಕೊನೆಯ ದಿನ ಅದೇ. ಎಂಜಿನ್ ಬೆಚ್ಚಗಾಗಲೆಂದು ಚಾಲೂ ಮಾಡಿದ ನಮ್ಮವರು, "ಆ ಹೂವೆಲ್ಲಾ ತಗದುಬಿಡು, ಕಾಲು ಜಾರತಾವ" ಎಂದರು. ಬಿಚ್ಚಿ ಚೀಲಕ್ಕೆ ತುಂಬಿದೆ. ಕಟ್ಟೆಯ ಮೇಲೆ ಕಸದ ಡಬ್ಬಿಯೇನೋ ಇತ್ತು. ಆದರೆ ದೇವರಿಗೆ ಏರಿಸಿದ ಹೂವನ್ನು ಕಸಕ್ಕೆ ಹಾಕುವುದುಂಟೆ? ನೀರಿಗೆ ಬಿಡಬೇಕು, ಇಲ್ಲವೇ ಗಿಡದ ಬುಡಕ್ಕೆ.

"ಅಮ್ಮಾ, ಯೂ ಕಾಂಟ್ ಡಂಪ್ ದಟ್ ಇನ್ ದ ಲೇಕ್" ಎಂದು ಮಗಳು ಮೊದಲೇ ಎಚ್ಚರಿಸಿದಳು. ಅವಳು ಹಗ್ಗ ಬಿಚ್ಚಲು ಬಗ್ಗಿದ್ದೇ ತಡ, ಎರಡೂ ಚೀಲವನ್ನು ದೋಣಿಯ ಪಕ್ಕಕ್ಕೇ ಸುರಿದು ಕೈಮುಗಿದೆ. ಆ ಹುಡುಗಿಗೆ ಎಲ್ಲದಕ್ಕೂ ಒಂದು ರೂಲು ಎಂದು ಮನಸ್ಸಿನಲ್ಲೇ ಗೊಣಗಿದೆ.

ಮಧ್ಯಾಹ್ನ ಬರುತ್ತದೆ ಎಂದು ಹವಾಮಾನದವರು ಹೇಳಿದ್ದ ಈಶಾನ್ಯದ ಗಾಳಿ ಹತ್ತೂವರೆಗೇ ಬಂತು. ಮೂವತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟಲು ಎರಡೇ ಡಿಗ್ರಿ ಬಾಕಿ, ಮೇಲೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಪೀಡೆ. ಅಲೆ ಎತ್ತಿದಾಗ ದಂಡೆಯ ಗಗನಚುಂಬಿಗಳು ಕಾಣುತ್ತಿದ್ದವು, ಇಳಿಸಿದಾಗ ಬರೀ ಬೂದುಬಣ್ಣದ ನೀರು. ಅರ್ಧ ದಾರಿಯಲ್ಲಿ ಎಂಜಿನ್ ಕೀಂ ಎಂದು ಕಿರುಚಿತು. ವಿಪರೀತ ಕಾದಿತ್ತು. ನಮ್ಮವರು ತಟ್ಟನೆ ಆಫ್ ಮಾಡಿದರು. ಆಮೇಲೆ ಗಾಳಿಯದೇ ಆಟ. ಅದು ನಮ್ಮನ್ನು ದಂಡೆಯ ಕಡೆಗೇ ತಳ್ಳುತ್ತಿತ್ತು. ಅಲ್ಲಿದ್ದದ್ದು ಮರಳಲ್ಲ, ಸಾಲಾಗಿ ಜೋಡಿಸಿದ ದೊಡ್ಡ ದೊಡ್ಡ ಕಲ್ಲುಬಂಡೆಗಳು.

ಮಗಳು ಮುಂದೆ ತೆವಳಿ ಲಂಗರು ಬಿಟ್ಟಳು. ಅದು ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು. "ಅಪ್ಪಾ, ಚೆಕ್ ದ ಸ್ಟ್ರೇನರ್!" ಎಂದು ಅಲ್ಲಿಂದಲೇ ಕೂಗಿದಳು. ಎಂಜಿನ್ ತಣ್ಣಗಿರಲು ದೋಣಿಯ ತಳದಿಂದ ಸರೋವರದ ನೀರು ಹೀರುತ್ತದೆ, ಕಸ ತಡೆಯಲು ಒಳಗೊಂದು ಜಾಲರಿ ಇರುತ್ತದೆ ಎಂಬುದು ಆವರೆಗೆ ನನಗೆ ತಿಳಿದಿರಲಿಲ್ಲ. ನಮ್ಮವರು ಎಂಜಿನ್ನಿನ ಗೂಡಿಗೆ ಸೊಂಟದವರೆಗೆ ತಲೆಕೆಳಗಾಗಿ ಇಳಿದರು. ನಾನು ಅವರ ಬೆಲ್ಟು ಹಿಡಿದು ಕೂತೆ.

ಮೇಲೆ ಬಂದ ಅವರ ಕೈಯಲ್ಲಿ ಕಿತ್ತಳೆ ಬಣ್ಣದ ಮುದ್ದೆ. ಚಟ್ನಿಯಾಗಿದ್ದರೂ ನನ್ನ ಹೂವಿನ ಗುರುತು ನನಗೆ ಹತ್ತದೇ ಇರುತ್ತದೆಯೇ? ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಆದರೆ ನಾನು ಮಾಡಿದ್ದನ್ನು ಉಣ್ಣಬೇಕಾಗಿದ್ದವಳು ಮುಂದುಗಡೆ ಹಗ್ಗ ಹಿಡಿದು ತೊಯ್ದು ನಿಂತಿದ್ದಳು. ಅವಳಿಗೆ ಹತ್ತೊಂಬತ್ತು ವರ್ಷ. ದೇವರೇ, ಅವಳೊಬ್ಬಳನ್ನು ದಡ ಹತ್ತಿಸು ಎಂದು ಬೇಡಿಕೊಂಡೆ. ಆಗ ನನಗಾಗಿ ಏನೂ ಬೇಡಲು ನಾಚಿಕೆಯಾಯಿತು.

ನಮ್ಮವರು ಆ ಮುದ್ದೆಯನ್ನು ಬಕೆಟ್ಟಿಗೆ ಹಾಕಿ, ಜಾಲರಿ ತೊಳೆದು ಕೂರಿಸಿದರು. ಎಂಜಿನ್ ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹತ್ತಿಕೊಂಡಿತು. ಮಗಳು ಲಂಗರು ಎತ್ತುವ ಹೊತ್ತಿಗೆ ಬಂಡೆಗಳ ಮೇಲಿನ ಪಾಚಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ನದಿಯ ಬಾಯಲ್ಲಿನ ತಡೆಗೋಡೆ ದಾಟಿದ ಕೂಡಲೇ ನೀರು ಸುಮ್ಮನಾಯಿತು. ಹೋದ ಜೀವ ಬಂದಂತಾಯಿತು. ಯಾರ್ಡಿನ ನೆಲಕ್ಕೆ ಕಾಲಿಟ್ಟವಳೇ ಮಗಳನ್ನು ತಬ್ಬಿಕೊಂಡು ಅಳತೊಡಗಿದೆ. "ಐ ಆಮ್ ಫೈನ್, ಅಮ್ಮಾ" ಎಂದು ಅವಳು ನನ್ನ ಬೆನ್ನು ಸವರಿದಳು.

ಅಲ್ಲೇ ಬಾಡಿಗೆಗೆ ಪಡೆದ ಕಾರಿನಲ್ಲಿ ಹೀಟರ್ ಹಾಕಿಕೊಂಡು ಮನೆ ಕಡೆ ಹೊರಟೆವು; ಓಡಿಸುತ್ತಿದ್ದವರು ನಮ್ಮವರು. ಹೈವೇಯಲ್ಲಿ ಎರಡು ಎಕ್ಸಿಟ್ ದಾಟುವವರೆಗೆ ತಡೆದುಕೊಂಡೆ.

"ರೀ, ಆ ಹೂವು ನೀರಿಗೆ ಹಾಕಿದಾಕಿ ನಾನ. ಬೈಯೂದಿದ್ರ ಈಗ ಬೈದುಬಿಡ್ರಿ."

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೀ ಹಾಕೂದು ನೋಡಿದ್ನಿ" ಎಂದರು.

"ನೋಡಿದ್ರಿ? ಮತ್ತ ಎಂಜಿನ್ ಚಾಲೂ ಇತ್ತಲ್ರೀ! ಯಾಕ ಬ್ಯಾಡ ಅನ್ನಲಿಲ್ಲ?"

"ಕಸದ ಡಬ್ಬಿಗೆ ಹಾಕು ಅಂತ ಹೇಳಾಕ ನನಗೂ ಬಾಯಿ ಬರಲಿಲ್ಲ. ಅದಕ್ಕ ಮಾರಿ ಆ ಕಡೆ ತಿರುವಿದ್ನಿ."

ಹಿಂದಿನ ಸೀಟಿನಲ್ಲಿ ಮಲಗಿದ್ದಾಳೆ ಅಂದುಕೊಂಡಿದ್ದ ಮಗಳು ಎದ್ದು ಕೂತು ನಮ್ಮಿಬ್ಬರ ತಲೆಗೂ ಒಂದೊಂದು ಮೊಟಕಿದಳು.