ಶನಿವಾರಕ್ಕೆ ಯಾರು ಹೋಗ್ತೀರಿ?

ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ನಾನು ಕುರ್ಚಿಯಿಂದ ಎದ್ದರೆ ಸಾಕು, ನಮ್ಮ ಸರ್ವಿಸ್ ವಿಭಾಗದ ಅರ್ಧ ಜನಕ್ಕೆ ಬೆನ್ನುನೋವು ಶುರುವಾಗುತ್ತದೆ, ಉಳಿದರ್ಧಕ್ಕೆ ಮನೆಯಿಂದ ಫೋನು ಬರುತ್ತದೆ. ನಾನು ಎದ್ದದ್ದು ನೀರು ಕುಡಿಯಲು ಇರಬಹುದು. ಅವರಿಗೆ ಕೇಳಿಸುವುದು ಮಾತ್ರ ಒಂದೇ ಪ್ರಶ್ನೆ: "ಶನಿವಾರಕ್ಕೆ ಯಾರು ಹೋಗ್ತೀರಿ?"

ಪೀಣ್ಯದಲ್ಲಿ ನಮ್ಮದು ಪ್ಯಾಕಿಂಗ್ ಯಂತ್ರ ಮಾಡುವ ಕಾರ್ಖಾನೆ. ಬೇಳೆ, ಸಕ್ಕರೆ, ಚಕ್ಕುಲಿ, ಏನು ಕೊಟ್ಟರೂ ಪೊಟ್ಟಣಕ್ಕೆ ತುಂಬಿ ಬಾಯಿ ಮುಚ್ಚುವ ಯಂತ್ರಗಳು. ಇವು ಗುರುವಾರದವರೆಗೆ ಗರತಿಯಂತಿದ್ದು ಶುಕ್ರವಾರ ಕೆಡುತ್ತವೆ. ಗಿರಾಕಿಗೆ ಸೋಮವಾರ ಬೆಳಿಗ್ಗೆ ಯಂತ್ರ ಓಡಬೇಕು. ಹಾಗಾಗಿ ಯಾರದೋ ರಜೆ ಬಲಿಯಾಗಬೇಕು. ಯಾರದು ಎಂದು ತೀರ್ಮಾನಿಸುವ ಪಾಪದ ಕೆಲಸ ಹನ್ನೊಂದು ವರ್ಷದಿಂದ ನನ್ನದು.

ನೆಪಗಳ ವಿಷಯದಲ್ಲಿ ನಾನೀಗ ಪಂಡಿತೆ. ಒಬ್ಬರಿಗೆ ಬಸ್ಸಿನ ವಾಸನೆ ಆಗದು, ಇನ್ನೊಬ್ಬರಿಗೆ ಲಾಡ್ಜಿನ ದಿಂಬು ಆಗದು. ಮತ್ತೊಬ್ಬರಿದ್ದಾರೆ, ಅತ್ತೆ ಮನೆಗೆ ಬರುವ ವಾರ ಮಾತ್ರ ಅವರ ಕರ್ತವ್ಯಪ್ರಜ್ಞೆ ಜಾಗೃತವಾಗುತ್ತದೆ. ಎಲ್ಲರಿಗಿಂತ ಗಟ್ಟಿಗರು ನಾಗರಾಜು. ಮಾಕಳಿಯ ರೈತರ ಮನೆಯವರು. ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ. ಅವರಂಥ ಕೈ ನಮ್ಮಲ್ಲಿ ಇನ್ನೊಂದಿಲ್ಲ, ಆದರೆ ಶನಿವಾರ ಎಂದರೆ ಭಾವಮೈದುನನ ಗೃಹಪ್ರವೇಶ. ನನ್ನ ಲೆಕ್ಕದಲ್ಲಿ ಆ ಭಾವಮೈದುನ ಏಳು ಮನೆ ಹೊಕ್ಕಿದ್ದಾರೆ. ಅಪರೂಪಕ್ಕೆ ನಾಗರಾಜು ಹೋದರೂ ಸೋತ ಮುಖದಲ್ಲಿ ವಾಪಸ್ಸಾಗುತ್ತಿದ್ದರು. ವರ್ಷದ ವರದಿಯಲ್ಲಿ ಅವರ ಹೆಸರಿನ ಮುಂದೆ ನಾನು ತಪ್ಪದೆ ಬರೆಯುತ್ತಿದ್ದೆ: 'ಪ್ರಯಾಣಕ್ಕೆ ಒಲವಿಲ್ಲ.' ಆ ಎರಡು ಪದದಿಂದ ಅವರ ಬಡ್ತಿ ಎರಡು ಸಲ ತಪ್ಪಿತ್ತು.

ಇಷ್ಟೆಲ್ಲ ಬರೆದ ನಾನು ಎಷ್ಟು ಸಲ ಹೋಗಿದ್ದೆ ಎಂದು ನೀವು ಕೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ: ಒಮ್ಮೆಯೂ ಇಲ್ಲ.

ಹೋದ ವರ್ಷ ಒಂದು ಶುಕ್ರವಾರ ಹುಬ್ಬಳ್ಳಿಯ ಹತ್ತಿರದ ಬೇಳೆ ಕಾರ್ಖಾನೆಯಲ್ಲಿ ನಮ್ಮದೊಂದು ಹಳೇ ಯಂತ್ರ ಮುಷ್ಕರ ಹೂಡಿತು. ಅದರ ಒಳಮರ್ಮ ಬಲ್ಲವರು ನಾಗರಾಜು ಒಬ್ಬರೇ. ಕೇಳಿದೆ. ಅವರು ತಲೆ ಕೆರೆದುಕೊಂಡು, "ನೀವೂ ಬರೋದಾದ್ರೆ ಓಯ್ತೀನಿ ಮೇಡಂ" ಅಂದರು. ಇಡೀ ವಿಭಾಗದ ಬೆನ್ನುನೋವು ತಟ್ಟನೆ ವಾಸಿಯಾಗಿ ಎಲ್ಲರೂ ನನ್ನತ್ತ ತಿರುಗಿದರು. ನನ್ನ ಬಾಯಿಂದ ಹೊರಟ ಮೊದಲ ಮಾತು, "ನಮ್ಮ ಅಪಾರ್ಟ್‌ಮೆಂಟಲ್ಲಿ ಈ ಶನಿವಾರ ಟ್ಯಾಂಕ್ ತೊಳೀತಾರೆ..." ಅಲ್ಲಿಗೇ ನಿಲ್ಲಿಸಿದೆ. ಹನ್ನೊಂದು ವರ್ಷದ ಪಾಂಡಿತ್ಯಕ್ಕೆ ಅದು ತೀರಾ ಬಡಕಲು ನೆಪ.

ಗಂಡ ಪರದೇಶಕ್ಕೆ ಹೋದ ನಾಯಿಕೆಗೆ ನಮ್ಮ ಹಿಂದಿನವರು 'ಪ್ರೋಷಿತಭರ್ತೃಕೆ' ಎಂಬ ಭಾರಿ ಹೆಸರು ಕೊಟ್ಟಿದ್ದಾರೆ. ಹೆಂಡತಿ ಯಂತ್ರ ರಿಪೇರಿಗೆ ಹೋದ ಗಂಡನಿಗೆ ಹೆಸರಿಟ್ಟಿಲ್ಲ. ಬ್ರೂಕ್‌ಫೀಲ್ಡ್‌ನ ಮನೆಯಲ್ಲಿ ನನ್ನ ಗಂಡ ಹೆಸರನ್ನೇನೂ ಕೇಳಲಿಲ್ಲ; ಕುಕ್ಕರು ಎಷ್ಟು ಸಲ ಕೂಗಬೇಕು ಎಂದಷ್ಟೇ ಕೇಳಿದರು.

ಶನಿವಾರ ಬೆಳಿಗ್ಗೆ ರೈಲು ತುಮಕೂರು ದಾಟಿದ ಮೇಲೆ ನಾನು ಉಪ್ಪಿಟ್ಟಿನ ಡಬ್ಬಿ ತೆಗೆದೆ. ನಾಗರಾಜು ಚೀಲ ಬಿಚ್ಚಿದರು. ಒಂದು ಚಿಪ್ಪು ಬಾಳೆಹಣ್ಣು, ಎರಡು ಬನ್ನು.

"ತಿಂಡಿಗೆ ಇಷ್ಟೇನಾ?"

"ಎರಡು ದಿನಕ್ಕೂ ಇದೇ ಮೇಡಂ." ಆಮೇಲೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಒಬ್ನೇ ಓಟ್ಲಲ್ಲಿ ಕೂತು ಉಣ್ಣಾಕಾಗಲ್ಲ. ನಮ್ಮನೇಲಿ ಹದಿನಾರು ಜನ, ಒಟ್ಟಿಗೇ ಕೂರ್ತೀವಿ. ಗೊತ್ತಿಲ್ದೂರಲ್ಲಿ ತಟ್ಟೆ ಮುಂದೆ ಒಬ್ನೇ ಕೂತ್ರೆ ಗಂಟಲಲ್ಲಿ ಇಳಿಯಲ್ಲ. ಗಂಡಸಾಗಿ ಇದ್ನ ಯೋಳ್ಕಳಕ್ಕಾಯ್ತದಾ? ಅದಕ್ಕೇ ಬಾಮೈದನ ಮನೆ ಕಟ್ಟಿಸ್ತಿದ್ದೆ."

ನಗು ಬಂತು. ಜೊತೆಗೇ ವರದಿಯ ಆ ಸಾಲು ನೆನಪಾಯಿತು. ಡಬ್ಬಿಯನ್ನು ಇಬ್ಬರ ನಡುವೆ ಇಟ್ಟೆ.

ಶನಿವಾರದ ಉಳಿದ ಹೊತ್ತೆಲ್ಲ ಯಂತ್ರ ಬಿಚ್ಚುವುದರಲ್ಲಿ ಹೋಯಿತು. ಭಾನುವಾರ ಕಾರ್ಖಾನೆಗೆ ರಜ. ನಮಗಾಗಿ ಬೀಗ ತೆಗೆದು ಕೂತಿದ್ದವರು ಈರಣ್ಣ ಎಂಬ ಹಿರಿಯ ಆಪರೇಟರ್. ಗರಿಗರಿ ಬಿಳಿ ಧೋತರ ಉಟ್ಟು ಯಂತ್ರದ ಪಕ್ಕ ನಿಂತವರು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು. ಯಾಕೆಂದು ಕೇಳಿದೆ.

"ಇವತ್ತ ಮಗಳ ಕುಬಸ ಐತ್ರಿ. ಒಂದಕ್ಕ ಉಡಿ ತುಂಬತಾರ. ಇರ್ಲಿ ಬಿಡ್ರಿ, ಮಶಿನ್ ಮದ್ಲ."

ಕುಬಸವೆಂದರೆ ಆ ಕಡೆಯ ಸೀಮಂತ. ಹನ್ನೊಂದು ವರ್ಷ ನಾನು ಕಳಿಸುವವರ ರಜೆಯನ್ನಷ್ಟೇ ಕಂಡಿದ್ದೆ. ಆ ತುದಿಯಲ್ಲೂ ಒಬ್ಬರ ಭಾನುವಾರ ಹಾಳಾಗುತ್ತದೆಂಬುದು ತಲೆಗೇ ಹೊಳೆದಿರಲಿಲ್ಲ.

ನಾಗರಾಜು ಯಂತ್ರದ ಹೊಟ್ಟೆಯಿಂದ ತಲೆ ಹೊರಗೆ ಹಾಕಿದರು. "ಮೊದ್ಲೇ ಯೋಳೋದಲ್ವಾ ಅಣ್ಣ! ಓಗಿ ನೀವು, ನಾವು ನೋಡ್ಕತೀವಿ."

"ಕೀಲಿ ನನ್ನ ಕಡೆ ಐತ್ರಿ. ಬಿಟ್ಟ ಹೋಗಾಕ ಬರಂಗಿಲ್ಲ."

ಆಮೇಲೆ ನಾಗರಾಜು ಚಹಾಕ್ಕೂ ಏಳಲಿಲ್ಲ. ನನ್ನ ಕೈಗೆ ಟಾರ್ಚ್ ಕೊಟ್ಟು "ಅಳ್ಳಾಡಿಸ್ಬೇಡಿ ಮೇಡಂ" ಎಂದು ಗದರಿದರು. ಹನ್ನೆರಡೂವರೆಗೆ ಯಂತ್ರ ಗುರ್ ಎಂದಿತು. ಮೊದಲ ಪೊಟ್ಟಣ ಸೊಟ್ಟಗೆ ಬಂತು, ಎರಡನೆಯದೂ ಸೊಟ್ಟ. ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಮೂರನೆಯದು ನೆಟ್ಟಗೆ ಬಂದು ಬಿತ್ತು. ಈರಣ್ಣ ಬೀಗ ಜಡಿದವರೇ, "ನಡೀರಿ, ನೀವೂ ಬರ್ರಿ" ಎಂದು ನಮ್ಮಿಬ್ಬರನ್ನೂ ಆಟೋಗೆ ಹತ್ತಿಸಿದರು.

ಉಡಿ ತುಂಬುವುದಕ್ಕೆ ಸರಿಯಾಗಿ ಮುಟ್ಟಿದೆವು. ಅಪ್ಪನನ್ನು ಕಂಡ ಆ ಹುಡುಗಿಯ ಮುಖ ಅರಳಿದ್ದನ್ನು ನೋಡಿ ನನಗೇ ಯಂತ್ರ ರಿಪೇರಿ ಮಾಡಿದಷ್ಟು ಹೆಮ್ಮೆ. ಊಟಕ್ಕೆ ಎಲೆ ಹಾಕಿದರು. ಅಕ್ಕಪಕ್ಕದವರ ಹೆಸರೂ ಗೊತ್ತಿರದ ಆ ಪಂಕ್ತಿಯಲ್ಲಿ ನಾಗರಾಜು ಐದು ಹೋಳಿಗೆ ತಿಂದರು. ಆರನೆಯದಕ್ಕೆ ಬೇಡವೆಂದಂತೆ ಮಾಡಿ, ಮುಂದಿನ ಪಂಕ್ತಿಗೆ ತಾವೇ ತುಪ್ಪದ ಗಿಂಡಿ ಹಿಡಿದು ಬಡಿಸಲು ನಿಂತರು.

ವಾಪಸ್ಸು ಬಂದು ವರದಿ ತಿದ್ದಿದೆ. 'ಒಲವಿಲ್ಲ' ಹೋಯಿತು, ಬಡ್ತಿ ಬಂತು. ಆಮೇಲೆ ದೊಡ್ಡ ಸಾಹೇಬರ ಹತ್ತಿರ ಹೋಗಿ, ವಾರಾಂತ್ಯಕ್ಕೆ ಇಬ್ಬಿಬ್ಬರನ್ನು ಕಳಿಸೋಣ ಅಂದೆ. "ಒಬ್ಬರ ಕೆಲಸಕ್ಕೆ ಇಬ್ಬರು ಯಾಕ್ರೀ?" ಅಂದರು. "ನೀವೇ ಒಂದು ಸಲ ಒಬ್ಬರೇ ಹೋಗಿಬನ್ನಿ ಸಾರ್" ಅಂದೆ. ಹಟವಾದಿ ಮನುಷ್ಯ, ಮುಂದಿನ ಶನಿವಾರವೇ ಗಿರಾಕಿಯೊಬ್ಬರನ್ನು ನೋಡಲು ವಿಜಯಪುರಕ್ಕೆ ಒಬ್ಬರೇ ಹೊರಟರು.

ಭಾನುವಾರ ಮಧ್ಯಾಹ್ನ ನಾನು ಉಂಡು ಕೈತೊಳೆದು ಕೂತಿದ್ದಾಗ ಅವರ ಫೋನು ಬಂತು. ಅಲ್ಲಿನ ಯಂತ್ರಕ್ಕೇನಾಯಿತು ಸಾರ್ ಎಂದು ಗಾಬರಿಯಿಂದ ಕೇಳಿದೆ.

"ಏನಿಲ್ಲ, ಎಲ್ಲ ಸರಿಯಿದೆ," ಎಂದರು. ಆ ಕಡೆ ಚಮಚ ತಟ್ಟೆಗೆ ತಗುಲಿದ ಸದ್ದು. ಆಮೇಲೆ, "ಸುಮ್ನೆ ಮಾಡ್ದೆ. ನಿಮ್ದು ಊಟ ಆಯ್ತಾ?"

"ಇಲ್ಲ ಸಾರ್, ಈಗ ಕೂತೆ" ಎಂದು ಸುಳ್ಳು ಹೇಳಿ, ಫೋನು ಇಡದೆ ತಟ್ಟೆ ಎಳೆದುಕೊಂಡು, ಇನ್ನೊಂದು ಸಲ ಮಜ್ಜಿಗೆ ಅನ್ನ ಕಲಸಿಕೊಂಡೆ.