ಗ್ಲೆನ್ ವೇವರ್ಲಿಯ ಗುಂಡುಗಳು

ಮೆಟಲ್ ಡಿಟೆಕ್ಟರ್ ಮೊದಲು ಕೊಂಡವಳು ನಾನು. ನಮ್ಮ ಮನೆಯಲ್ಲಿ ಈಗ ಯಾರಿಗೂ ಅದು ನೆನಪಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಾವಿರುವ ಪ್ಯಾರಮಟ್ಟಾದಲ್ಲಿ ಪಕ್ಕದ ಮನೆಯ ಮುದುಕ ಹಳೆ ಸಾಮಾನೆಲ್ಲ ಮಾರಲು ಗರಾಜ್ ಸೇಲ್ ಇಟ್ಟಾಗ ತಂದದ್ದು. ಹಳೆಯ ವಸ್ತು ಏನು ಸಿಕ್ಕಿದರೂ ಉಜ್ಜಬೇಡ, ಉಜ್ಜಿದರೆ ಅದರ ಮೇಲಿನ ಗುರುತೆಲ್ಲ ಹೋಗುತ್ತದೆ ಎಂದು ಅವನು ಹೇಳಿ ಕೊಟ್ಟಿದ್ದ.

ಆಗ ಮಾವ ಊರಿನಿಂದ ಬಂದಿದ್ದರು. ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ, ಎನ್‌ಸಿಸಿ ಹುಡುಗರಿಗೆ ರೈಫಲ್ ಹಿಡಿಯುವುದನ್ನು ಕಲಿಸಿದವರು, ಇಲ್ಲಿ ಟಿವಿ ಮುಂದೆ ಕೂತು ಕೂತು ಸೋತು ಹೋಗಿದ್ದರು. ಶನಿವಾರ ಬೆಳಿಗ್ಗೆ ಇಬ್ಬರೂ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಬೀಚಿಗೆ ಹೋಗತೊಡಗಿದೆವು. ಮಿಷನ್ನು ನನ್ನ ಕಾಲುಂಗುರಕ್ಕೇ ಕುಂಯ್ ಅನ್ನುತ್ತಿತ್ತು. “ನಿಧಿ ಸಿಕ್ತು ಕಣಮ್ಮ, ಅಗೀಲಾ?” ಎಂದು ಮಾವ ನನ್ನ ಪಾದ ತೋರಿಸಿ ನಗುತ್ತಿದ್ದರು. ಸಿಕ್ಕಿದ್ದೆಲ್ಲ ಬಿಯರ್ ಕ್ಯಾನಿನ ಮುಚ್ಚಳ, ತುಕ್ಕು ಹಿಡಿದ ಮೊಳೆ. ಆದರೆ ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಅವರು ನನ್ನೊಡನೆ ಹಾಗೆ ನಕ್ಕಿದ್ದು ಅದೇ ಮೊದಲು.

ಆಮೇಲೆ ಅವರು ಮೆಲ್ಬರ್ನಿಗೆ, ಕಿರಿಮಗನ ಮನೆಗೆ ಹೋದರು. ಮಿಷನ್ನನ್ನೂ ನಾನೇ ಪ್ಯಾಕ್ ಮಾಡಿ ಕೊಟ್ಟೆ, ದಡ್ಡಿ.

ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿರುವ ನನ್ನ ವಾರಗಿತ್ತಿ ಮುಟ್ಟಿದ್ದೆಲ್ಲ ಚಿನ್ನವಾಗುವ ಜಾತಿ. ಅವಳ ಆಫೀಸಿನ ಗೆಳತಿಯ ತಂದೆಗೆ ಊರಾಚೆ ಹೊಲವಿತ್ತು. ಒಂದು ಕಾಲದಲ್ಲಿ ಅಲ್ಲಿ ರೈಫಲ್ ಕ್ಲಬ್ಬಿನವರು ಗುರಿ ಹೊಡೆಯುತ್ತಿದ್ದರಂತೆ. ಆ ಹೊಲದವರನ್ನು ಕೇಳಿಕೊಂಡು ಇವಳು ಮಾವನನ್ನು ಕರೆದುಕೊಂಡು ಹೋದಳು. ಅಲ್ಲಿಂದ ಶುರುವಾಯಿತು. ಪ್ರತಿ ಭಾನುವಾರ ಫೋನಿನಲ್ಲಿ ಮಾವನ ಗುಂಡಿನ ಪುರಾಣ. ಬರೀ ಸೀಸದ ಗುಂಡಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಬಹಳ ಹಳೆಯದು, ತಾಮ್ರದ ಹೊದಿಕೆಯಿದ್ದರೆ ಆಮೇಲಿನದು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕಾರ್ಟ್ರಿಡ್ಜ್ ಆದರೆ ತಳದಲ್ಲಿ ಒತ್ತಿದ ಅಕ್ಷರ ಓದಬೇಕು.

“ನಂಗೆ ಪೊರೆ ಬಂದ ಕಣ್ಣು, ಕಾಣಲ್ಲ. ಅವಳು ಓದ್ತಾಳೆ, ನಾನು ಯಾವ ಕಾಲದ್ದು ಅಂತ ಹೇಳ್ತೀನಿ. ನಾವು ಎನ್‌ಸಿಸೀಲಿ ಹಾರಿಸ್ತಿದ್ದ ತ್ರೀ ನಾಟ್ ತ್ರೀ ರೈಫಲ್ಲಿಂದೇ ಕಣಮ್ಮ ಇದು!”

ಅವಳು, ಅವಳು, ಅವಳು. ನನ್ನ ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚನ್ನು ಹೊಟ್ಟೆಕಿಚ್ಚು ಅಂತಲೇ ಕರೆಯಬೇಕು, ಅದಕ್ಕೆ ಬೇಸರ, ಕಾಳಜಿ ಅಂತೆಲ್ಲ ಹೆಸರಿಡುವವರನ್ನು ನಾನು ನಂಬುವುದಿಲ್ಲ. ವೀಸಾದ ಕೊನೆಯ ತಿಂಗಳು ಅವರು ನಮ್ಮಲ್ಲಿ ಕಳೆಯಬೇಕಿತ್ತು. ಒಂದು ಭಾನುವಾರ, “ಇಲ್ಲೇ ಇದ್ದುಬಿಡ್ತೀನಮ್ಮ, ಹೊಲ ಇನ್ನೂ ಅರ್ಧ ಇದೆ,” ಎಂದರು. ಹಿತ್ತಲ ಗಿಡ ಮದ್ದಲ್ಲ, ನಿಜ. ನವರಾತ್ರಿಯ ನೆಪ ಹೇಳಿ ಟಿಕೆಟ್ ಬುಕ್ ಮಾಡಿದೆ. ಹೋದದ್ದು ಹಬ್ಬಕ್ಕಲ್ಲ, ಮಾವನನ್ನು ವಾಪಸು ತರುವುದಕ್ಕೆ.

ಆಯುಧಪೂಜೆಯ ದಿನ ಕಾರಿಗೂ ಲ್ಯಾಪ್‌ಟಾಪಿಗೂ ನನ್ನ ಡಿಟೆಕ್ಟರಿಗೂ ಕುಂಕುಮ ಇಟ್ಟಿದ್ದರು. ದೇವರ ಮುಂದೆ ತಟ್ಟೆಯಲ್ಲಿ ಆ ಕಾರ್ಟ್ರಿಡ್ಜುಗಳು ದೀಪದ ಕಂಬದ ಹಾಗೆ ಥಳಥಳ ಹೊಳೆಯುತ್ತಿದ್ದವು. ಹಬ್ಬದ ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕುವ ಕೈ ನಮ್ಮದು, ನೋಡಿದ ಕೂಡಲೇ ಗೊತ್ತಾಯಿತು. ನೂರು ವರ್ಷದ ಬಣ್ಣ ತೊಳೆದು ಹೋಗಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾವ ಒಂದನ್ನು ಎತ್ತಿ ಅವಳ ಕೈಗೆ ಕೊಟ್ಟರು. “ಓದಮ್ಮ, ನಿಮ್ಮಕ್ಕನೂ ಕೇಳ್ಲಿ.”

ಅವಳು ತಳ ನೋಡುತ್ತ, “ಎಂ ಅಂತಿದೆ ಮಾವ, ಕೆಳಗೆ ಬಾಣದ ಗುರುತು,” ಎಂದಳು.

ನಾನು ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದೆ. ತಳ ನುಣ್ಣಗಿತ್ತು. ಎಂ ಇಲ್ಲ, ಬಾಣ ಇಲ್ಲ, ಏನೂ ಇಲ್ಲ.

“ಎಲ್ಲಿದೆ ಅಕ್ಷರ? ತಿಕ್ಕಿ ತಿಕ್ಕಿ ಎಲ್ಲಾ ಅಳಿಸಿ ಹಾಕಿದ್ದೀಯ. ಈಗ ಇಲ್ಲದೇ ಇರೋದನ್ನ ಓದಿ ಹೇಳ್ತಿದ್ದೀಯಲ್ಲ, ದೊಡ್ಡವರಿಗೆ!”

“ಅಕ್ಕ, ಒಳಗೆ ಬನ್ನಿ, ಹೇಳ್ತೀನಿ,” ಎಂದು ಅವಳು ಮೆಲ್ಲಗೆ ನನ್ನ ಕೈ ಹಿಡಿದಳು.

“ಯಾಕೆ? ಇಲ್ಲೇ ಹೇಳು.”

ಬಾಯಿ ಬಿಟ್ಟವರು ಮಾವ.

“ತಿಕ್ಕಿದ್ದು ಅವಳಲ್ಲಮ್ಮ, ನಾನು. ಹೋದ ವಾರ, ಅವಳು ಆಫೀಸಿಗೆ ಹೋಗಿದ್ದಾಗ, ಹುಣಸೆಹಣ್ಣು, ಆಮೇಲೆ ಉಪ್ಪುಕಾಗದ ಹಾಕಿ. ಹಬ್ಬಕ್ಕೆ ಹೊಳೀಲಿ, ಅಕ್ಷರಾನೂ ಚೆನ್ನಾಗಿ ಕಾಣ್ಲಿ ಅಂತ.” ಅವಳ ಕಡೆ ತಿರುಗಿದರು. “‘ಚೆನ್ನಾಗಿ ಬಂದಿದೆ ಮಾವ’ ಅಂದ್ಯಲ್ಲ?”

ಅವಳು ತಲೆ ತಗ್ಗಿಸಿದಳು. ಒಂದು ವಾರದಿಂದ ಅವಳು ಓದುತ್ತಿದ್ದದ್ದೆಲ್ಲ ನೆನಪಿನಿಂದ ಎಂದು ನನಗೆ ಆಗ ಹೊಳೆಯಿತು. ಗುಂಡು ಸಿಕ್ಕಿದ್ದಕ್ಕೆ ಹೊಟ್ಟೆ ಉರಿದುಕೊಂಡಿದ್ದೆನಲ್ಲ, ಅದೇನೂ ಅಲ್ಲ. ಹೀಗೊಂದು ಸುಳ್ಳು ಹೇಳಬಹುದೆಂದು ನನಗೆ ಏಳು ಜನ್ಮಕ್ಕೂ ತೋಚುತ್ತಿರಲಿಲ್ಲ. ಅದು ಇನ್ನೂ ಹೆಚ್ಚು ಉರಿಯಿತು, ಈಗಲೂ ಉರಿಯುತ್ತದೆ.

ಮಾವ ನನ್ನ ಕೈಯಿಂದ ಕಾರ್ಟ್ರಿಡ್ಜ್ ತೆಗೆದುಕೊಂಡು, ತಳದ ಮೇಲೆ ಹೆಬ್ಬೆರಳಿನ ಉಗುರು ಆಡಿಸಿ ಆಡಿಸಿ ನೋಡಿದರು. ಆಮೇಲೆ ನನ್ನ ಕಡೆ ನೋಡದೆ ಅದನ್ನು ಅವಳಿಗೆ ಕೊಟ್ಟರು.

“ಇನ್ನೊಂದ್ಸಲ ಓದಮ್ಮ,” ಎಂದರು.