ವಜ್ರಳ್ಳಿಗೆ ಮಾಡದ ಫೋನು

ವೀಣಾ, ವಜ್ರಳ್ಳಿಯ ಸಂಬಂಧ ತಪ್ಪಿಹೋದದ್ದು ನನ್ನ ಮಾತಿನಿಂದ. ಯಾರೋ ಚಾಡಿ ಹೇಳಿದರು, ಯಾರೋ ಹೊಟ್ಟೆಕಿಚ್ಚಿನವರು ಎಂದು ನೀನೂ ನಿನ್ನನ್ನು ಹೆತ್ತ ಆಯಿಯೂ ಆಗ ಊರೆಲ್ಲ ಹುಡುಕಿದಿರಿ. ಆ ‘ಯಾರೋ’ ನಿಮ್ಮ ಗೋಡೆಯ ಈಚೆಗೇ ಇದ್ದ. ಅದು ನಾನು — ನೀನು ಬಾಯ್ತುಂಬ ಮಾವ ಎಂದು ಕರೆಯುವ ನಾನು.

ಹೇಳಬೇಕೆಂದು ಎಷ್ಟು ಸಲ ನಿಮ್ಮ ಮೆಟ್ಟಿಲವರೆಗೆ ಬಂದಿದ್ದೇನೋ. ಬಂದು, ನಲ್ಲಿಯಲ್ಲಿ ನೀರು ಬಂತಾ ಎಂದು ಕೇಳಿ ತಿರುಗಿದ್ದೇನೆ. ಬಾಯಿಂದ ಆಗದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಬುದ್ಧಿ ನಿನಗೆ ಗೊತ್ತೇ ಇದೆ. ಸರ್ವೇ ಇಲಾಖೆಯಲ್ಲಿದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಜೀವಮಾನವಿಡೀ ಜಮೀನು ಅಳೆಯುವ ಸರಪಳಿ ಎಳೆದವನು. ಯಾರ ಬೇಲಿ ಯಾರ ಜಾಗಕ್ಕೆ ಎರಡು ಮೊಳ ಸರಿದಿದೆ ಎಂದು ಹುಡುಕುವುದೇ ನನ್ನ ಕಸುಬು. ನಿವೃತ್ತಿಯಾದ ಮೇಲೆ ಅಳೆಯಲು ಏನೂ ಉಳಿಯಲಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇತ್ತು.

ಆಗ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದೆ. ತಂತಿಯಿಲ್ಲದೆ ಮನೆಯಿಡೀ ಇಂಟರ್ನೆಟ್ ಕೊಡುವ ಮೋಡೆಮ್ಮು. ಪಾಸ್‌ವರ್ಡ್ ಇಡಬೇಕಾ ಎಂದು ಜೋಡಿಸಲು ಬಂದವನು ಕೇಳಿದ. ನಮ್ಮ ಕೇರಿಯಲ್ಲಿ ಕದಿಯುವವರು ಯಾರಪ್ಪಾ ಎಂದು ಹಾಗೇ ಬಿಡಿಸಿದೆ. ಆದರೆ ಯಾವ ಯಾವ ಯಂತ್ರ ಅದಕ್ಕೆ ಸೇರಿಕೊಂಡಿದೆ ಎಂದು ನೋಡುವುದನ್ನು ಅವನಿಂದ ಕಲಿತುಕೊಂಡೆ. ಕಲಿಯದೇ ಇದ್ದಿದ್ದರೆ — ಇರಲಿ.

ಒಂದು ಸಂಜೆ ನೋಡುತ್ತೇನೆ, ಪಟ್ಟಿಯಲ್ಲಿ ಮೂರು ಸಾಲು! ಒಂದು ನನ್ನ ಕಂಪ್ಯೂಟರ್, ಇನ್ನೊಂದು ಲ್ಯಾಪ್‌ಟಾಪ್. ಮೂರನೆಯದಕ್ಕೆ ಹೆಸರೇ ಇಲ್ಲ. ಬರೀ ಅಂಕಿ, ಅಕ್ಷರಗಳ ಉದ್ದನೆಯ ಗುರುತು. ನನ್ನ ಮೈ ಉರಿಯಿತು. ಉರಿಯಿತು ಅಂದೆ ಅಲ್ಲವೇ — ಸುಳ್ಳು. ಖುಷಿಯಾಯಿತು. ಎಷ್ಟೋ ದಿನದ ಮೇಲೆ ನನಗೊಂದು ಒತ್ತುವರಿ ಸಿಕ್ಕಿತ್ತು.

ಹಳೆಯ ನೋಟುಪುಸ್ತಕ ತೆಗೆದು ದಿನಾ ಹೊತ್ತು ಬರೆಯತೊಡಗಿದೆ. ಬೆಳಿಗ್ಗೆಯಿಂದ ಮೂರನೆಯ ಸಾಲು ಇರುವುದಿಲ್ಲ. ನಾಲ್ಕೂವರೆಯ ಹೊತ್ತಿಗೆ ಹಾಜರ್. ಭಾನುವಾರ ಇಡೀ ದಿನ. ನೀನು ಶಾಲೆಯಲ್ಲಿ ಪಾಠ ಮುಗಿಸಿ ಮರಳುವುದು ನಾಲ್ಕೂಕಾಲಿಗೆ. ಪ್ರಶ್ನೆಪತ್ರಿಕೆ ಟೈಪ್ ಮಾಡಲೆಂದು ಆ ವರ್ಷವೇ ನೀನೂ ಲ್ಯಾಪ್‌ಟಾಪ್ ತಂದಿದ್ದೆ. ಇನ್ನೇನು ಬೇಕು? ನನ್ನ ಲ್ಯಾಪ್‌ಟಾಪನ್ನು ಎದೆಗೆ ಆನಿಸಿಕೊಂಡು, ಸಿಗ್ನಲ್ ಎಲ್ಲಿಯವರೆಗೆ ಬರುತ್ತದೆ ಎಂದು ಅಂಗಳದಲ್ಲಿ ಹೆಜ್ಜೆ ಎಣಿಸಿದೆ. ನಿನ್ನ ಕೋಣೆಯ ಕಿಟಕಿಯ ಕೆಳಗೂ ಎರಡು ಗೆರೆ ತೋರಿಸಿತು. ಎಂಥ ಜಾಣತನ, ನನ್ನ ತಲೆ!

ನಿನ್ನನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಪಂಚನಾಮೆ ಮುಗಿಯುವ ತನಕ ಒತ್ತುವರಿದಾರನಿಗೆ ಸುಳಿವು ಕೊಡುವ ಪದ್ಧತಿ ನನ್ನದಲ್ಲ.

ಅಷ್ಟರಲ್ಲಿ ವಜ್ರಳ್ಳಿಯಿಂದ ಹುಡುಗನ ಚಿಕ್ಕಪ್ಪ ಬಂದರು. ಹುಡುಗ ಯಲ್ಲಾಪುರದ ಕಾಲೇಜಿನಲ್ಲಿ ಪಾಠ ಮಾಡುವವನು, ಜಾತಕ ಕೂಡಿದೆ, ನೋಡಿ ಹೋದ ಮೇಲೆ ನಿನಗೂ ಮನಸ್ಸಾಗಿದೆ — ಎಲ್ಲ ನನಗೆ ಗೊತ್ತಿತ್ತು. ನೀನು ನಾಚಿಕೊಂಡು ನನ್ನ ಹೆಂಡತಿಯ ಹತ್ತಿರ ಹೇಳಿದ್ದೆಯಲ್ಲ. ನಮ್ಮಲ್ಲಿ ಕೊನೆಯ ಮಾತು ಆಡುವ ಮೊದಲು ನೆರೆಮನೆಯಲ್ಲಿ ವಿಚಾರಿಸುವುದು ರೂಢಿ. ಅವರು ಬಂದದ್ದು ಅದಕ್ಕೇ. ನನ್ನ ಹೆಂಡತಿ ಚಾ ಮಾಡಲು ಒಳಗೆ ಹೋದಳು.

"ಪಕ್ಕದ ಮನೆ ಕೂಸು ಹ್ಯಾಂಗಿದ್ದು? ನಿಂಗ ದಿನಾ ನೋಡ್ತ್ರಲ," ಎಂದು ನಿನ್ನ ಬಗ್ಗೆ ಕೇಳಿದರು.

ಒಳ್ಳೆಯದು ಎನ್ನಲು ಎಷ್ಟು ಹೊತ್ತು ಬೇಕು? ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡೆ.

"ಓದಿದ್ದು, ನೌಕರಿ ಇದ್ದು. ಆದ್ರೆ ಸಂಜೆ ಆತು ಅಂದ್ರೆ ಕಂಪ್ಯೂಟರ್ ಮುಂದೆ. ಯಾರ ಹತ್ರ ಎಂತ ಮಾತೋ, ದೇವ್ರಿಗೇ ಗೊತ್ತು. ಅದೂ ಸ್ವಂತ ನೆಟ್ಟಲ್ಲ. ಹೆಚ್ಚಿಗೆ ಕೇಳಡಿ."

ಅವರು ಕೇಳಲಿಲ್ಲ. ಚಾ ಕುಡಿದು, ಬೇಕಾದರೆ ಇರಲಿ ಎಂದು ಫೋನ್ ನಂಬರ್ ಬರೆದುಕೊಟ್ಟು ಬಸ್ಸಿಗೆ ಹೊರಟರು.

ಎರಡು ದಿನ ಬಿಟ್ಟು ನಾನು ಮೋಡೆಮ್ಮಿಗೆ ಪಾಸ್‌ವರ್ಡ್ ಹಾಕಿದೆ. ಮೂರನೆಯ ಸಾಲು ಮಾಯ! ಗೆದ್ದವನಂತೆ ಜಗಲಿಯಲ್ಲಿ ಬಂದು ಕೂತೆ. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಮೊಬೈಲ್ ಹಿಡಿದುಕೊಂಡು ಬಂದಳು.

"ನೋಡಿ ಇಲ್ಲಿ, ಇದು ಎಂತೋ ಕೇಳ್ತಾ ಇದ್ದು."

ಮಗಳು ಧಾರವಾಡದಿಂದ ಹಬ್ಬಕ್ಕೆ ಬಂದಾಗ ತನ್ನ ಹಳೆಯ ಮೊಬೈಲನ್ನು ತಾಯಿಗೆ ಕೊಟ್ಟು ಹೋಗಿದ್ದಳು. ನನಗೆ ಅದೊಂದು ಬರೀ ಫೋನು. ಪರದೆಯ ಮೇಲೆ ನನ್ನ ಮೋಡೆಮ್ಮಿನ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಕೊಡಿ ಎಂಬ ಖಾಲಿ ಜಾಗ. ಪಾಸ್‌ವರ್ಡ್ ಒತ್ತಿ, ಒಳಗೆ ಓಡಿ ಪಟ್ಟಿ ನೋಡಿದೆ. ಮೂರನೆಯ ಸಾಲು ಮರಳಿ ಬಂದಿತ್ತು. ಅದೇ ಅಂಕಿ, ಅದೇ ಅಕ್ಷರ.

"ಹಗಲು ಇದನ್ನ ಬಂದ್ ಮಾಡಿ ಇಡ್ತ್ಯಾ?" ಎಂದು ಕೇಳಿದೆ.

"ಹೌದು. ಬ್ಯಾಟ್ರಿ ಖರ್ಚಾಗ್ತು ಹೇಳಿ. ಮಗಳು ಫೋನ್ ಮಾಡದು ಸಂಜೆಗೇ ಅಲ್ದಾ? ಭಾನುವಾರ ಮಾತ್ರ ಇಡೀ ದಿನ ಇಡ್ತೆ."

ಇಲ್ಲಿಯವರೆಗಿನದನ್ನು ತಪ್ಪು ತಿಳಿವಳಿಕೆ ಎನ್ನಬಹುದೇನೋ. ನಾನು ಹಾಗೆ ಅನ್ನುವುದಿಲ್ಲ — ಆದರೂ ಯಾರಾದರೂ ಅನ್ನಬಹುದು. ಮುಂದಿನದಕ್ಕೆ ಅದೂ ಇಲ್ಲ.

ವಾರ ಕಳೆಯುವುದರೊಳಗೆ ನಿಮಗೆ ಬೇಡವೆಂದು ಸುದ್ದಿ ಬಂತು. ಕಾರಣ ಸುತ್ತಿ ಬಳಸಿ ನಿನ್ನ ಕಿವಿಗೂ ಬಿತ್ತು. ಮರುದಿನ ಸಂಜೆ ನೀನು ಬಂದು ನಮ್ಮ ಕಂಬಕ್ಕೆ ಒರಗಿ ನಿಂತೆ. ಅತ್ತು ಅತ್ತು ಮುಖ ಬಾತಿತ್ತು.

"ಮಾವ, ನಂಗೆ ಇಂಟರ್ನೆಟ್ಟೇ ಇಲ್ಲೆ. ಯಾರ ಹತ್ರ ಮಾತಾಡ್ಲಿ ಆನು? ನಿಂಗ ಪಕ್ಕದ ಮನೆಯವ್ರು. ನಿಂಗ ಒಂದು ಫೋನ್ ಮಾಡಿ ಹೇಳಿದ್ರೆ ಅವು ನಂಬ್ತ. ಹದಿನೈದು ದಿನದೊಳಗೆ ಬೇರೆ ಕಡೆ ನಿಶ್ಚಯ ಮಾಡ್ತ್ವಡ."

"ನೋಡ್ವ," ಎಂದೆ.

ನಂಬರಿನ ಚೀಟಿ ಫೋನಿನ ಕೆಳಗೇ ಇತ್ತು. ಹದಿನೈದು ದಿನವೂ ಇತ್ತು. ರಿಸೀವರ್ ಎತ್ತುವುದು, ಗುಂಯ್‌ಗುಡುವುದನ್ನು ಕೇಳುವುದು, ಇಡುವುದು. ಏನೆಂದು ಹೇಳಲಿ? ಕಳ್ಳ ನನ್ನ ಮನೆಯಲ್ಲೇ ಇದ್ದ ಎನ್ನಲೇ? ನಗುತ್ತಾರೆ. ವಜ್ರಳ್ಳಿಯಿಂದ ಯಲ್ಲಾಪುರ, ಯಲ್ಲಾಪುರದಿಂದ ಶಿರಸಿ ಪೇಟೆ — ಎಲ್ಲರೂ ನಗುತ್ತಾರೆ. ನಿನ್ನ ಆಯಿ ನನ್ನ ಮುಖ ನೋಡುವುದಿಲ್ಲ. ಇಷ್ಟೇ. ಒಬ್ಬಳ ಬಾಳಿನ ಎದುರಿಗೆ ನಾನು ಇಟ್ಟು ತೂಗಿದ್ದು ಇಷ್ಟನ್ನೇ, ಮತ್ತು ತಕ್ಕಡಿ ನನ್ನ ಕಡೆಗೇ ವಾಲಿತು.

ಹದಿನಾರನೆಯ ದಿನ ನೀನು ಮತ್ತೆ ಬಂದು ಕೇಳಿದೆ. "ಹೇಳಿದ್ರಾ ಮಾವ?"

"ಹೇಳಿದ್ದೆ," ಎಂದೆ. "ಅವು ಕೇಳಿದ್ವಿಲ್ಲೆ."

ನೀನು ಕಣ್ಣು ಒರೆಸಿಕೊಂಡೆ. "ಇರ್ಲಿ ಬಿಡಿ. ನಿಂಗ ಒಬ್ರಾದ್ರೂ ನನ್ನ ಪರವಾಗಿ ಹೇಳಿದ್ರಲ, ಅಷ್ಟು ಸಾಕು."

ಅಂದಿನಿಂದ ನಾನು ಸಿಕ್ಕಿಬಿದ್ದೆ, ವೀಣಾ. ನೀನು ಬೈದಿದ್ದರೆ ಎಲ್ಲಿಗಾದರೂ ಓಡಬಹುದಿತ್ತು. ನೀನು ನನ್ನ ಋಣ ಹೊತ್ತುಕೊಂಡೆ. ಹಬ್ಬದ ಪಾಯಸ ಮೊದಲು ನಮ್ಮ ಮನೆಗೇ ಬಂತು. ನನಗೆ ಎದೆನೋವು ಬಂದಾಗ ಆಸ್ಪತ್ರೆಯ ಬಾಗಿಲಲ್ಲಿ ಎರಡು ದಿನ ಕೂತವಳು ನೀನು. ಬೋನಿಗೆ ಬಿದ್ದ ಇಲಿಗೆ ದಿನಾ ಕೊಬ್ಬರಿ ಚೂರು ಹಾಕಿದ ಹಾಗೆ — ತಿನ್ನುತ್ತ ಬದುಕಿದೆ. ಆಮೇಲೆ ಬಂದ ಸಂಬಂಧಗಳನ್ನೆಲ್ಲ ನೀನೇ ಬೇಡವೆಂದೆ. ನೆರೆಯವರನ್ನು ಕೇಳಿ ನನ್ನನ್ನು ಅಳೆಯುವ ಮನೆ ನನಗೆ ಬೇಡ ಎಂದು ನೀನು ಆಯಿಗೆ ಹೇಳುತ್ತಿದ್ದುದು ಗೋಡೆಯ ಈಚೆ ನನಗೆ ಸ್ಪಷ್ಟವಾಗಿ ಕೇಳಿತ್ತು. ನಿನ್ನ ತಲೆಯಲ್ಲಿ ಈಗ ಬಿಳಿ ಕೂದಲು ಕಾಣುತ್ತಿದೆ.

ಕಳೆದ ವಾರ ವಜ್ರಳ್ಳಿಗೆ ಫೋನು ಮಾಡಿದೆ. ಚಿಕ್ಕಪ್ಪ ಇನ್ನೂ ಇದ್ದಾರೆ, ಕಿವಿ ಮಂದ. ಮೊಬೈಲಿನ ಕಥೆ, ಮೋಡೆಮ್ಮಿನ ಕಥೆ, ನಾನಾಡಿದ ಮಾತು ಎಲ್ಲವನ್ನೂ ಕಿರುಚಿ ಕಿರುಚಿ ಮೂರು ಸಲ ಹೇಳಿದೆ. ಒಳಗೆ ನನ್ನ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಅವಳಿಗೂ ಗೊತ್ತಾದದ್ದು ಅವತ್ತೇ.

"ಯಾವ ಕೂಸು?" ಎಂದರು ಚಿಕ್ಕಪ್ಪ. "ನೆನಪಾಗ್ತಾ ಇಲ್ಲೆ, ಮಾರಾಯ."

ನಿನ್ನ ಹೆಸರನ್ನು ಇನ್ನೊಮ್ಮೆ ಹೇಳಿದೆ, ಬಿಡಿಸಿ ಹೇಳಿದೆ. ಅವರಿಗೆ ನೆನಪಾಗಲಿಲ್ಲ.

ಈ ಕಾಗದವನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ. ನಾಳೆ ನೀನು ಶಾಲೆಯಿಂದ ಬಂದ ಮೇಲೆ ನಾನೇ ತಂದು ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ನಿಮ್ಮ ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಈ ಸಲ ನೀರಿನ ವಿಷಯ ಕೇಳುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ.